ಬಾಯಿ ಮುಚ್ಚುವ ಹೆಸರು, ಬಾಯಿ ತೆರೆಯುವ ಹೆಸರು

ಲಿಂಗಸೂಗೂರಿನ ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ಒಂದು ಪದ್ಧತಿ ಇತ್ತು. ಒಳಗೆ ಕಾಲಿಟ್ಟ ಮೇಲೆ ಮನೆಯಲ್ಲಿಟ್ಟ ಹೆಸರು ನಡೆಯುವುದಿಲ್ಲ; ಪ್ರತಿಯೊಬ್ಬರೂ ಒಂದು ಇಂಗ್ಲಿಷ್ ಹೆಸರು ಆರಿಸಿಕೊಳ್ಳಬೇಕು. ಸರ್ ಬೋರ್ಡಿನ ತುಂಬ ಹೆಸರು ಬರೆದು, ಇದರಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಹೇಳಿ ಎಂದರು. ನಮ್ಮ ಕಡೆಯ ಹೆಸರಾದರೆ ಕೊನೆಗೊಬ್ಬ ಅಪ್ಪನೋ ಅಮ್ಮನೋ ಕೂತಿರುತ್ತಾರೆ, ಚಿಂತೆಯಿಲ್ಲ. ಇವಕ್ಕೆ ಕಿವಿಯೇ ಗತಿ. ಎಲ್ಲರ ದನಿ ಕದ್ದು ನಗಿಸುವುದೇ ಕಸುಬಾಗಿದ್ದ ನಾನು ಎದ್ದು ನಿಂತೆ.

"ಸರ್, ಕ್, ಡ್ ಅಂತ ಬಾಗಲಾ ಬಡದಂಗ ಮುಗದ್ರ ಗಂಡು. ಆ, ಈ ಅಂತ ಬಾಯಿ ತಕ್ಕೊಂಡ ಉಳದ್ರ ಹೆಣ್ಣು."

ಮುಕ್ಕಾಲು ಪಾಲು ಸರಿಬಂದವು. ಸರ್ ಹೊಗಳಿದ್ದು ತಲೆಗೇರಿತು.

ನಾನು ಜ್ಯಾಕ್ ಆದೆ. ನನ್ನ ಕಡ್ಡಿ ಮೈಗೆ ಆ ಹೆಸರು ಅಣ್ಣನ ಅಂಗಿ ತೊಟ್ಟಂತಿತ್ತು, ಅದು ಬೇರೆ ಮಾತು. ಸಿಂಧನೂರಿನಿಂದ ನಾನು ಬರುವ ಬಸ್ಸಿಗೆ ದಿನಾ ಮಸ್ಕಿಯಲ್ಲಿ ಹತ್ತುತ್ತಿದ್ದ ಗೆಳೆಯ ರಿಚರ್ಡ್ ಎಂದು ಬರೆಸಿದ. ಅವನದು ತೆಳು ದನಿ. ಆದರೂ ಕ್ಲಾಸಿನಲ್ಲಿ ಹೆದರದೆ ಇಂಗ್ಲಿಷ್ ಮಾತಾಡುತ್ತಿದ್ದವನು ಅವನೊಬ್ಬನೇ.

"ಲೇ, ಆ ಹೆಸರು ನಿನ್ನ ಗಂಟಲದಾಗ ಹಿಡಿಯಂಗಿಲ್ಲ. ನಿನಗ ಸೋಫಿಯಾನ ಬರೋಬ್ಬರಿ," ಎಂದೆ. ಅವನದೇ ದನಿ ತೆಗೆದು, ಆ ಹೆಸರನ್ನು ರಾಗವಾಗಿ ಎಳೆದೂ ತೋರಿಸಿದೆ. ಸರ್ ಕೂಡ ನಕ್ಕರು. ಅವನೂ ನಕ್ಕ. ನಕ್ಕನಲ್ಲ, ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮರುದಿನದಿಂದ ಅವನು ಹೊಟ್ಟೆಯೊಳಗಿಂದ ದನಿ ಎತ್ತಿ, ದಪ್ಪ ಮಾಡಿ ಮಾತಾಡತೊಡಗಿದ. ನಾನು ಅದನ್ನೂ ಅಣಕಿಸಿದೆ. ಆಮೇಲೆ ಅವನು ಕ್ಲಾಸಿನಲ್ಲಿ ಬಾಯಿಯನ್ನೇ ಬಿಡಲಿಲ್ಲ. ತಿಂಗಳು ತುಂಬುವ ಮೊದಲೇ, ಬಸ್ಸು ಮಸ್ಕಿಯಲ್ಲಿ ನಿಂತರೂ ಅವನು ಹತ್ತುವುದು ನಿಂತಿತು.

ಇಷ್ಟು ವರ್ಷದ ಮೇಲೆ ಮೊನ್ನೆ ಮಸ್ಕಿಯಲ್ಲಿ ಇಳಿದು ಅವನ ಅಣ್ಣನ ಬೀಜದ ಅಂಗಡಿಗೆ ಹೋದೆ. ಅವನೇ ಕೂತಿದ್ದ. ತೊಗರಿ ಬೀಜ ಕೇಳಲು ಬಂದ ಮುದುಕಿಗೆ ಅದೇ ದಪ್ಪ ದನಿಯಲ್ಲಿ ಉತ್ತರ ಕೊಡುತ್ತಿದ್ದ.

"ಯಾಕಪಾ, ನೆಗಡಿ ಆಗೇತೇನು?" ಎಂದಳು ಮುದುಕಿ.

"ಇಲ್ಲಬೇ ಯಮ್ಮಾ, ನನ್ನ ದನೀನ ಹಿಂಗ."

ಅವಳು ಹೋದ ಮೇಲೆ, "ಅವತ್ತು ನಂದು ತಪ್ಪಾತಲೇ," ಎಂದೆ. ಆದರೆ ಬಾಯಿಂದ ಹೊರಬಿದ್ದದ್ದು ನಮ್ಮ ಸರ್ ದನಿ. ಹಾಳು ಚಟ.

"ನಿನ್ನ ದನೀಲೆ ಹೇಳಲೇ," ಎಂದ. ಮೆಲ್ಲಗೆ, ಆ ಹಳೆಯ ತೆಳು ದನಿಯಲ್ಲಿ.

ನಾನು ಬಾಯಿ ತೆರೆಯುವಷ್ಟರಲ್ಲಿ ಗಿರಾಕಿಯೊಬ್ಬ ಮೆಟ್ಟಿಲು ಹತ್ತಿದ. ಗೆಳೆಯ ಗಂಟಲು ಸರಿಮಾಡಿಕೊಂಡು, ದನಿ ಕೆಳಗಿಳಿಸಿ, "ಬರ್ರಿ, ಏನ್ ಬೇಕ್ರಿ?" ಎಂದ.