ನಿಂತ ಗಾಡಿಯೂ ಗಾಡಿಯೇ

ಗೂಡ್ಸ್ ಗಾಡಿ ನೋಡುವುದಕ್ಕೂ ಒಂದು ಶಿಸ್ತು ಬೇಕೆಂದು ನಂಬಿದವನು ಬಳ್ಳಾರಿಯಲ್ಲಿ ನಾನೊಬ್ಬನೇ ಇರಬೇಕು. ಮೊಮ್ಮಗಳು ಸಿರುಗುಪ್ಪದಿಂದ ಬಂದ ಭಾನುವಾರಗಳಲ್ಲಿ ನಾವಿಬ್ಬರೂ ಮನೆ ಹತ್ತಿರದ ರೈಲ್ವೆ ಗೇಟಿಗೆ ಹೋಗುತ್ತಿದ್ದೆವು. ಕೂರುವ ಜಾಗ ನಾನೇ ಗೊತ್ತು ಮಾಡಿದ್ದು: ಗೇಟಿನಿಂದ ಸಾಕಷ್ಟು ಹಿಂದೆ, ಮುಚ್ಚಿದ ಪಂಕ್ಚರ್ ಅಂಗಡಿಯ ಕಟ್ಟೆ, ಬೆನ್ನಿಗೆ ಗೋಡೆ. ಮಗುವಿನ ಬೆರಳು ಹಿಡಿಯಕೂಡದು, ಮಣಿಕಟ್ಟು ಹಿಡಿಯಬೇಕು. ಬೆರಳು ಬೆವರಿಗೆ ಜಾರುತ್ತದೆ. ಚೆಂಡು, ಬಲೂನು ತರಕೂಡದು. ಚೆಂಡು ಉರುಳುತ್ತದೆ, ಬಲೂನು ಹಾರುತ್ತದೆ, ಮಗು ಹಿಂದೆ ಓಡುತ್ತದೆ. ಗಾಡಿ ಹೋದ ಮೇಲೂ ಗೇಟು ಪೂರ್ತಿ ಏಳುವವರೆಗೆ ಕಟ್ಟೆ ಇಳಿಯುವಂತಿಲ್ಲ, ಏಕೆಂದರೆ ಎರಡನೇ ಹಳಿಯ ಮೇಲೆ ಇನ್ನೊಂದು ಬರುತ್ತಿರಬಹುದು.

"ಗಾಡಿ ಇವ್ರ ಮೈಮ್ಯಾಗ ಬರಬೇಕಂದ್ರ ಹಳಿ ಬಿಟ್ಟು, ಮೋರಿ ಜಿಗಿದು, ಎಳನೀರಿನ ಬಂಡಿ ಸುತ್ತಿ, ಕಟ್ಟಿ ಹತ್ತಿ ಬರಬೇಕು," ಎಂದು ನನ್ನ ಹೆಂಡತಿ ಓಣಿಗೆಲ್ಲ ಹೇಳಿದ್ದಾಳೆ. "ಅಷ್ಟು ಕಷ್ಟಪಟ್ಟು ಬಂದ್ರ ಒಂದು ಲೋಟ ಚಾ ಕೊಟ್ಟು ಕಳಸ್ರಿ."

ನಾನು ಕುರುಗೋಡಿನ ಹೈಸ್ಕೂಲಿನಲ್ಲಿ ಗಣಿತ ಹೇಳುವವನು. ಸಂಭವನೀಯತೆಯ ಪಾಠವನ್ನು ವರ್ಷಾ ವರ್ಷಾ ಮಾಡಿ ನಾನು ಕಲಿತದ್ದು ಇಷ್ಟೇ: ಕಡಿಮೆ ಎಂದರೆ ಇಲ್ಲ ಎಂದಲ್ಲ.

ಸಿರುಗುಪ್ಪದಲ್ಲಿ ರೈಲಿಲ್ಲ. ಹಾಗಾಗಿ ನಾಲ್ಕು ತುಂಬಿದ ಆ ಕೂಸಿಗೆ ಅದಿರಿನ ಗಾಡಿ ಎಂದರೆ ಜೀವ. ಕೆಂಪು ಧೂಳು ಮೆತ್ತಿಕೊಂಡ ಡಬ್ಬಿಗಳು ಒಂದರ ಹಿಂದೊಂದು ಬರುತ್ತಿದ್ದರೆ ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

"ತಾತಾ, ಇದರಾಗ ಏನೈತಿ?"

"ಮಣ್ಣವ್ವಾ. ಕಬ್ಬಿಣದ ಮಣ್ಣು."

"ಮಣ್ಣಿಗೆ ಎದಕ ರೈಲು? ನಮ್ಮೂರಾಗ ಮಣ್ಣು ಟ್ರ್ಯಾಕ್ಟರ್‌ನಾಗ ಹೋಕ್ಕೈತಿ."

ಈ ಬೇಸಿಗೆಯಲ್ಲಿ ಅಳಿಯನಿಗೆ ಬಳ್ಳಾರಿಗೆ ವರ್ಗವಾಯಿತು. ಮೊಮ್ಮಗಳು ಇದೇ ಊರಿಗೆ ಬರುತ್ತಾಳೆಂದು ನಾನು ಹಿಗ್ಗಿದ್ದು ಒಂದು ಸಂಜೆ ಮಾತ್ರ. ಅವಳಿಗೆ ಸೀಟು ಸಿಕ್ಕ ಶಾಲೆ ಗೇಟಿನ ಈಚೆ. ಅವರಿಗೆ ಸಿಕ್ಕ ಬಾಡಿಗೆ ಮನೆ ಗೇಟಿನ ಆಚೆ. ದಿನಾ ಬೆಳಿಗ್ಗೆ ಮಗಳು ಕೂಸನ್ನು ಕರೆದುಕೊಂಡು ಆ ಹಳಿ ದಾಟಬೇಕು. ಆ ಹೊತ್ತಿಗೆ ನಾನು ಕುರುಗೋಡಿನಲ್ಲಿ ಪ್ರಾರ್ಥನೆಗೆ ನಿಂತಿರುತ್ತೇನೆ.

ಓಡುವ ಗಾಡಿಯ ಮುಂದೆ ನಮ್ಮೂರಲ್ಲಿ ಯಾರೂ ನುಗ್ಗುವುದಿಲ್ಲ. ನಮ್ಮ ರೋಗ ನಿಂತ ಗಾಡಿಯದು. ಸಿಗ್ನಲ್ ಸಿಗದೆ ಗೂಡ್ಸ್ ಒಂದು ರಸ್ತೆಗೆ ಅಡ್ಡ ನಿಂತಿತೆಂದರೆ ಸ್ವಲ್ಪ ಹೊತ್ತು ಕಾಯುತ್ತಾರೆ; ಆಮೇಲೆ ಒಬ್ಬ ಗೇಟಿನ ಕೆಳಗೆ ನುಸುಳಿ ಡಬ್ಬಿಯ ಅಡಿಗೆ ಬಗ್ಗುತ್ತಾನೆ. ಅವನ ಹಿಂದೆ ಎಲ್ಲರೂ. ಗೇಟಿನವರು ಬೈದು ಬೈದು ದಣಿದಿದ್ದಾರೆ. ದಾಟಿದವರು ಹಾಗೇ ಹೋಗಿಬಿಡುವುದಿಲ್ಲ, ತಿರುಗಿ ನಿಂತು ಹಿಂದಿನವರ ಟಿಫಿನ್ ಡಬ್ಬಿಗೆ, ಚೀಲಕ್ಕೆ, ಎತ್ತಿಕೊಂಡ ಮಗುವಿಗೆ ಕೈ ಚಾಚುತ್ತಾರೆ. ನಮ್ಮೂರಿನ ಸೌಜನ್ಯ ನೋಡಬೇಕೆಂದರೆ ಗೂಡ್ಸ್ ಗಾಡಿಯ ಹೊಟ್ಟೆಯ ಕೆಳಗೆ ನೋಡಬೇಕು.

ಆದ್ದರಿಂದಲೇ ನಾನು ಕೂಸಿಗೆ ಒಂದು ಮಾತು ಬಾಯಿಪಾಠ ಮಾಡಿಸಿದ್ದೆ. ನಾನು "ನಿಂತ ಗಾಡಿನೂ?" ಎನ್ನಬೇಕು, ಅವಳು "ಗಾಡಿನೇ!" ಎನ್ನಬೇಕು.

ಮನೆ ನೋಡಲೆಂದು ಮಗಳು ಆಚೆ ಹೋಗಿದ್ದ ಭಾನುವಾರ ನಾವಿಬ್ಬರೂ ಕಟ್ಟೆಯ ಮೇಲೆ ಕೂತಿದ್ದೆವು. ಅದಿರಿನ ಗಾಡಿಯೊಂದು ಬಂದು ಸುಸ್ತಾದಂತೆ ನಿಂತಿತು. ಜನ ಬಗ್ಗತೊಡಗಿದರು. ಗಾಲಿಗಳ ನಡುವಿನ ಸಂದಿನಲ್ಲಿ ನನಗೆ ಗುರುತಿನ ಹಳದಿ ಚೂಡಿದಾರ ಕಂಡಿತು. ಮಗಳು.

"ಬ್ಯಾಡಲೇ! ನಿಂದ್ರು!" ಎಂದು ಕೂಗಿದೆ. ಮೋಟಾರು ಸೈಕಲ್ಲುಗಳ ಗದ್ದಲದಲ್ಲಿ ಅದು ಎಳನೀರಿನವನಿಗೂ ಮುಟ್ಟಲಿಲ್ಲ. ಕೂಸನ್ನು ಬಿಟ್ಟು ಓಡುವಂತಿಲ್ಲ, ಕರೆದುಕೊಂಡು ಹತ್ತಿರ ಹೋಗುವಂತಿಲ್ಲ. ನನ್ನದೇ ಶಿಸ್ತು ನನ್ನನ್ನು ಕಟ್ಟೆಗೆ ಕಟ್ಟಿಹಾಕಿತ್ತು. ಸಂದಿನಿಂದ ಮೊದಲು ಚೀಲ ಬಂತು, ಆಮೇಲೆ ತಲೆ. ಈಚೆ ಬಗ್ಗಿ ನಿಂತಿದ್ದ ಬಿಳಿ ಅಂಗಿಯ ಹಿರಿಯರೊಬ್ಬರು, "ಸಾವಕಾಶ ಬರ್ರಿ ಅಕ್ಕಾ, ಇನ್ನಾ ಟೈಮ್ ಐತಿ," ಎಂದು (ಇದನ್ನು ಮಗಳು ಆಮೇಲೆ ಹೇಳಿದ್ದು) ಚೀಲ ತೆಗೆದುಕೊಂಡರು, ಗಾಡಿ ಬಿಡುವವರು ತಾವೇ ಎಂಬಂತೆ.

ಅವಳು ಕಟ್ಟೆಗೆ ಬಂದು ತಲುಪಿದ ಮೇಲೆ ಗಾಡಿ ಜಗ್ಗಿತು. ಕೊಂಡಿಯಿಂದ ಕೊಂಡಿಗೆ ಖಣಖಣ ಸದ್ದು ಈ ತುದಿಯಿಂದ ಆ ತುದಿಗೆ ಓಡಿತು. ನನ್ನ ಹೊರತು ಯಾರೂ ತಿರುಗಿ ನೋಡಲಿಲ್ಲ.

"ಯಾಕಪ್ಪಾ, ಮಾರಿ ಸಣ್ಣ ಮಾಡ್ಕೊಂಡು ಕುಂತಿ?" ಎಂದು ಮಗಳು ನಕ್ಕಳು.

ಕೂಸು ಅವಳ ಮೊಣಕಾಲು ಮುಟ್ಟಿ ಹೇಳಿತು, "ಅಮ್ಮಾ, ಇಲ್ಲಿ ಮಣ್ಣು ಹತ್ತೈತಿ."

"ಬಗ್ಗಿ ಬಂದೆನಲ್ಲವ್ವಾ, ಅದಕ."

ಕೂಸು ಅಂಗೈಯನ್ನು ಚಪ್ಪಟೆಯಾಗಿ ತನ್ನ ನೆತ್ತಿಯ ಮೇಲಿಟ್ಟುಕೊಂಡು ಗಾಡಿಯ ಎತ್ತರ ನೋಡಿತು. "ನಾ ಬಗ್ಗೂದ ಬ್ಯಾಡ. ನಾ ಸಣ್ಣಾಕಿ ಅದೀನಿ. ನಡಕೊಂತ ಬರ್ತೀನಿ."

ಮಗಳ ನಗು ಅರ್ಧಕ್ಕೆ ನಿಂತಿದ್ದನ್ನು ನಾನು ನೋಡಿದೆ. ಆದರೆ ನಮ್ಮ ಮನೆತನದಲ್ಲಿ ಹೆದರುವ ಗುತ್ತಿಗೆ ಒಬ್ಬರಿಗೇ ಕೊಟ್ಟಾಗಿದೆ. ಉಳಿದವರು ತಮಗೆ ಬಂದ ಹೆದರಿಕೆಯನ್ನೂ ನನ್ನ ಕಡೆಗೇ ನೂಕುತ್ತಾರೆ. "ನೋಡು, ನೀನೇ ಇಲ್ಲಿ ತಂದು ಕುಂದರ್ಸಿ ಕೂಸಿಗೆ ಗಾಡಿ ಹುಚ್ಚು ಹಿಡಿಸಿದಿ," ಎಂದಳು.

ಮನೆಗೆ ಹೋಗುವ ದಾರಿಯುದ್ದಕ್ಕೂ ವಾದ.

"ಗಾಡಿ ಹೋಗೋತನ ನಿಂದ್ರಬೇಕು."

"ಒಮ್ಮೊಮ್ಮೆ ಅರ್ಧ ತಾಸು ನಿಲ್ಲತೈತಿ. ಸಾಲಿಯವ್ರು ನಿಲ್ತಾರೇನು?"

"ದೂರ ಆದ್ರೂ ಬ್ರಿಜ್ ಮ್ಯಾಲಿಂದ ಆಟೋದಾಗ ಕಳಸು."

"ಹುಡುಕಿಕೊಡು, ಕಳಸ್ತೀನಿ."

ಹುಡುಕಿದೆ. ಆಟೋದವನು ಕರೆದ ಕೂಡಲೇ ಒಪ್ಪಿದ. ಆಗಲೇ ಅವನ ಗಾಡಿಯ ಎರಡೂ ಬದಿಗೆ ಮಕ್ಕಳು ಬಾಳೆಗೊನೆಯಂತೆ ಜೋತಾಡುತ್ತಿದ್ದರು. "ನಿಮ್ಮ ಪಾಪೂಗೂ ಜಾಗ ಐತ್ರಿ ಸಾರ್," ಎಂದ ಪ್ರೀತಿಯಿಂದ. ನಾನೇ ಬೇಡವೆಂದು ಬಂದೆ. ಹೆಂಡತಿ ಕೇಳಿದಳು, "ಹಂಗಾರ ಕೂಸು ಹಾರಿಕೊಂತ ಸಾಲಿಗೆ ಹೋಗಬೇಕೇನು?"

ಶಾಲೆಯ ಮೊದಲ ದಿನ ರಜೆ ಹಾಕಿ ಆಚೆಯಿಂದ ಈಚೆಗೆ ನಾನೇ ಕರೆತಂದೆ. ಗೇಟು ತೆರೆದೇ ಇತ್ತು. ಹಳಿಯ ಮೇಲೆ ಒಂದು ನಾಯಿ ಬಿಟ್ಟರೆ ಏನೂ ಇರಲಿಲ್ಲ. "ನಿನ್ನ ಹೆದರಿಕಿ ನೋಡಿ ರೈಲ್ವೆದವ್ರ ಹೆದರ್ಯಾರ," ಎಂದಳು ಮಗಳು.

ಎರಡನೆಯ ದಿನ ನಾನು ಕುರುಗೋಡಿನಲ್ಲಿದ್ದೆ. ಪ್ರಾರ್ಥನೆ ಮುಗಿಯುತ್ತಲೇ ಫೋನ್ ಮಾಡಿದೆ, ಎತ್ತಲಿಲ್ಲ. ಮೊದಲ ಪಿರಿಯಡ್ಡಿನಲ್ಲಿ ಬೋರ್ಡಿನ ಮೇಲೆ ಏನು ಬರೆದೆನೋ, ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, "ಸಾರ್, ಅದು ಹತ್ತನೇ ಕ್ಲಾಸಿಂದ್ರಿ, ನಾವು ಎಂಟನೇ ಕ್ಲಾಸು," ಎಂದಳು. ಅಳಿಸಿದೆ. ಫೋನು ನಡುಗಿದ್ದು ಆಮೇಲೆ. ಹೊರಗೆ ಓಡಿದೆ.

"ಗಾಡಿ ನಿಂತಿತ್ತಪ್ಪಾ," ಎಂದಳು ಮಗಳು.

ನಾನು ಕಿಟಕಿಯ ಸರಳು ಹಿಡಿದುಕೊಂಡೆ.

"ಬಾಜೂ ಮನಿಯಾಕಿ ತನ್ನ ಮಗಳನ್ನ ದಾಟಿಸಿ, ನಮ್ಮ ಕೂಸಿಗೂ ಕೈ ಚಾಚಿದ್ಲು. ಒಂದು ಗಳಿಗಿ ಕೊಟ್ಟೇ ಬಿಡ್ತಿದ್ದೆ ನೋಡು."

"ಕೊಟ್ಯಾ?"

"ಇಲ್ಲ. ಅದು ಹೋಗೋತನ ನಿಂತ್ವಿ. ಸಾಲಿ ಗೇಟು ಹಾಕಿದ್ರು. ಎರಡನೇ ದಿನಾನ ತಡ ಏನ್ರಿ ಅಂತ ಎಲ್ಲಾರ ಮುಂದ ಬೈದ್ರು. ಕೂಸು ಅಳಕೊಂತ ಒಳಗ ಹೋತು."

ಮೊಮ್ಮಗಳು ಅತ್ತಳೆಂದು ಇಷ್ಟು ಹಿಗ್ಗಿದ ತಾತ ಬೇರೊಬ್ಬ ಇರಲಾರ. "ಛಲೋ ಮಾಡಿದಿ," ಎಂದೆ.

"ಏನ್ ಛಲೋ? ನಾಳಿನೂ ತಡ ಆದ್ರ ಹೊರಗ ನಿಲ್ಲಸ್ತೀವಿ ಅಂದಾರ."

"ನಾಳಿ ನಿಂತರ ಏನ್ ಮಾಡ್ತಿ?"

"ನಾಳಿದ್ದು ನಾಳಿ ನೋಡೋಣು ತಗಾಪ್ಪಾ," ಎಂದು ಫೋನ್ ಇಟ್ಟಳು.

ನಾಳೆಯೂ ಆ ಹೊತ್ತಿಗೆ ನಾನು ಕುರುಗೋಡಿನಲ್ಲೇ ಇರುತ್ತೇನೆ. ಇಲ್ಲಿಗೆ ರೈಲಿನ ಸಿಳ್ಳು ಕೂಡ ಕೇಳಿಸುವುದಿಲ್ಲ.