ಎರಡನೆಯ ಚಿತ್ರದ ಚರ್ಮದ ಅಂಗಿ

ಹಿಂದೂಪುರದ ಬೋರ್ಡಿಂಗ್ ಶಾಲೆಯಲ್ಲಿ ಓದು ಮುಗಿಸಿ ಕಲ್ಯಾಣದುರ್ಗಕ್ಕೆ ಟೀಚರಾಗಿ ಬಂದಾಗ ನನಗೆ ಹತ್ತೊಂಬತ್ತು ವರ್ಷ. ಪೆಟ್ಟಿಗೆಯಲ್ಲಿ ನಾಲ್ಕು ಸೀರೆ, ಒಂದು ಸತ್ಯವೇದ, ಮೂರು ಡೈರಿ ಇದ್ದವು. ಎದ್ದ ಹೊತ್ತು, ನಡೆದ ಮೈಲಿ, ಓದಿದ ಅಧ್ಯಾಯ, ಎಲ್ಲಕ್ಕೂ ನನ್ನ ಡೈರಿಯಲ್ಲಿ ಒಂದೊಂದು ಕಾಲಂ. ಇಲ್ಲಿ ಬರೆಯುತ್ತಿರುವುದು ಮೂರನೆಯ ಡೈರಿಯ ಕೆಲವು ಗುರುವಾರಗಳ ವಿಷಯ.

ಗುರುವಾರ ಶಾಲೆ ಅರ್ಧ ದಿನ. ಮಧ್ಯಾಹ್ನ ನಾನು ದೊಡ್ಡಮ್ಮನ ಜೊತೆ ಹಳ್ಳಿಗೆ ಹೋಗಬೇಕಿತ್ತು. ದೊಡ್ಡಮ್ಮ ಎಂದರೆ ನಾನು ಇಳಿದುಕೊಂಡಿದ್ದ ಮನೆಯಾಕೆ, ವಿಧವೆ. ಊರೂರಿಗೆ ನಡೆದು ಹೆಂಗಸರಿಗೆ ಯೇಸುವಿನ ಸುವಾರ್ತೆ ಹೇಳುವುದು ಅವರ ಕೆಲಸ. ಕಂಬದೂರಿನ ದಾರಿಯಲ್ಲಿ ನಾಲ್ಕು ಮೈಲಿ ನಡೆದರೆ ಕುರಿ ಸಾಕುವವರ ಹದಿನಾಲ್ಕು ಮನೆಯ ಹಟ್ಟಿ ಇತ್ತು. ಅಲ್ಲಿ ಮೂಲೆಮನೆಯ ಅಜ್ಜಿಗೆ ಕಾಲು ಬಾತು, ಮಾತಾಡಿದರೆ ಉಸಿರು ಕಟ್ಟುತ್ತಿತ್ತು. ಅವರು ಜಗುಲಿಯ ಮೇಲೆ ಕಂಬಳಿ ಹಾಸಿಕೊಂಡು ಕೂತಿರುತ್ತಿದ್ದರು. ಉಳಿದ ಹೆಂಗಸರೂ ಅಲ್ಲಿಗೇ ಬಂದು ಕೂರುತ್ತಿದ್ದರು.

ಹಿಂದೂಪುರದಿಂದ ನನ್ನ ಜೊತೆ ಒಂದು ಚಿತ್ರದ ಸುರುಳಿ ಬಂದಿತ್ತು. ಬಟ್ಟೆಗೆ ಅಂಟಿಸಿದ ಹನ್ನೆರಡು ಚಿತ್ರ, ಮೇಲೊಂದು ಕೋಲು. ಮೊದಲನೆಯದು ಸೃಷ್ಟಿ, ಹನ್ನೊಂದನೆಯದು ಶಿಲುಬೆ, ಕೊನೆಯದು ಬರಿದಾದ ಸಮಾಧಿ. ಮನುಷ್ಯನನ್ನು ರಕ್ಷಿಸಬೇಕೆಂಬ ದೇವರ ಸಂಕಲ್ಪ ಅನಾದಿಯದು, ಅದು ಹೆಜ್ಜೆಹೆಜ್ಜೆಯಾಗಿ ನಡೆದು ಬಂದಿದೆ, ಹೆಜ್ಜೆ ತಪ್ಪಿಸದೆ ಹೇಳಬೇಕು ಎಂದು ನಮಗೆ ಕಲಿಸಿದ್ದರು. ವಾರಕ್ಕೊಂದು ಚಿತ್ರ. ಇಂಥ ಕೆಲಸ ನನಗೆ ಬಲು ಇಷ್ಟ.

ಎರಡನೆಯ ಗುರುವಾರದ ಡೈರಿಯಲ್ಲಿ ಹೀಗಿದೆ: ಚಿತ್ರ 2, ತೋಟದಿಂದ ಹೊರಗೆ. ಕೇಳಿದವರು 9. ಪ್ರಶ್ನೆ 2, ಅವುಗಳಲ್ಲಿ ಒಂದು ಪಾಠಕ್ಕೆ ಸಂಬಂಧಿಸಿದ್ದಲ್ಲ.

ಎರಡೂ ಅಜ್ಜಿ ಕೇಳಿದವು. ಮೊದಲ ಗಂಡ ಹೆಂಡತಿ ತಪ್ಪು ಮಾಡಿ ಅಡಗಿಕೊಂಡರು, ಎಲೆ ಸುತ್ತಿಕೊಂಡರು, ದೇವರು ಅವರಿಗೆ ಚರ್ಮದ ಅಂಗಿ ಮಾಡಿ ತೊಡಿಸಿ ಹೊರಗೆ ಕಳಿಸಿದರು ಎಂದು ನಾನು ಹೇಳುತ್ತಿದ್ದೆ. ಅಜ್ಜಿ ಕೈ ಎತ್ತಿ, ಆ ಚರ್ಮ ಕುರೀದೋ ಮೇಕೆಯದೋ ಎಂದರು. ಹೆಂಗಸರು ನಕ್ಕರು. ಅದು ಬರೆದಿಲ್ಲ ಎಂದು ನಾನು ಮುಂದೆ ಹೋದೆ. ಮುಗಿದ ಮೇಲೆ ಅವರ ಇನ್ನೊಂದು ಪ್ರಶ್ನೆ ಬಂತು.

"ಹೊರಿಕ್ ಹಾಕ್ಬುಟ್ರಲ್ಲ ಕಣಮ್ಮ, ವಾಪಸ್ ಕರ್ಕಂಡ್ರಾ?"

ಅದು ಕೊನೆಯಲ್ಲಿ ಬರುತ್ತದೆ ಅಜ್ಜಿ ಎಂದೆ.

ಆಮೇಲೆ ಪ್ರತಿ ವಾರವೂ ಅದೇ ಪ್ರಶ್ನೆ, ಅದೇ ಉತ್ತರ. ದೊಡ್ಡ ಪ್ರಳಯ ಬಂದು ಹೋಯಿತು, ಸಮುದ್ರ ಎರಡು ಪಾಲಾಯಿತು. ಅಜ್ಜಿ ಎಲ್ಲಕ್ಕೂ ತಲೆಯಾಡಿಸಿ, ಕೊನೆಗೆ ಕೇಳುವುದು ಆ ತೋಟದವರ ವಿಷಯವನ್ನೇ. ಆರನೆಯ ವಾರ ಆಸ್ಪತ್ರೆಯ ಕಾಂಪೌಂಡರ್ ಅಜ್ಜಿಯನ್ನು ನೋಡಿ, ಇನ್ನು ಹೆಚ್ಚು ದಿನ ಇಲ್ಲ ಎಂದು ದೊಡ್ಡಮ್ಮನಿಗೆ ಹೇಳಿದರು. ಮುಂದಿನ ಗುರುವಾರ ದಾರಿಯಲ್ಲಿ ದೊಡ್ಡಮ್ಮ ನಿಂತರು.

"ಆ ಹನ್ನೊಂದ್ನೇದು ಇವತ್ತೇ ತೋರ್ಸ್ಬುಡೆ. ಆ ಮುದುಕಿ ನಿನ್ನ ಕಾಲಂಗೋಸ್ಕರ ಉಸಿರು ಹಿಡ್ಕಂಡಿರ್ತಾಳಾ?"

ನಾನು ಒಪ್ಪಲಿಲ್ಲ. ಪಾಪವೇನು, ಬಲಿಯೇನು ಎಂದು ತಿಳಿಯದವರಿಗೆ ಶಿಲುಬೆ ತೋರಿಸಿದರೆ ಮರಕ್ಕೆ ತೂಗುಹಾಕಿದ ಯಾರೋ ಒಬ್ಬರು ಕಾಣುತ್ತಾರೆ ಅಷ್ಟೆ ಎಂದೆ. ಅದು ಪೂರ್ತಿ ತಪ್ಪಲ್ಲ ಎಂದು ಈಗಲೂ ಅನ್ನಿಸುತ್ತದೆ. ದೊಡ್ಡಮ್ಮ ಹಟ್ಟಿಯವರೆಗೂ ನನಗಿಂತ ಮುಂದೆ ನಡೆದರು. ಅವತ್ತು ಏಳನೆಯ ಚಿತ್ರವನ್ನೇ ತೋರಿಸಿದೆ.

ಎಂಟನೆಯ ಗುರುವಾರ ಹಟ್ಟಿಗೆ ಹೋಗಲಾಗಲಿಲ್ಲ. ಹಿಂದೂಪುರದಲ್ಲಿ ಕ್ರೈಸ್ತ ಸಭೆಯ ವಾರ್ಷಿಕ ಕೂಟಕ್ಕೆ ನಾನೂ ದೊಡ್ಡಮ್ಮನೂ ಹೋಗಬೇಕಿತ್ತು. ಪೆಟ್ರೋಲ್ ಸಿಗದ ಆ ಕಾಲದ ಇದ್ದಿಲಿನ ಬಸ್ಸು ದಿಬ್ಬ ಹತ್ತಲಾರದೆ ನಮ್ಮನ್ನು ಮೂರು ಸಲ ಇಳಿಸಿ ತಳ್ಳಿಸಿತು. ಕೂಟದಲ್ಲಿ ನನ್ನ ವರದಿ ಓದುವಂತೆ ಹೇಳಿದರು. ಪಾಠ ಏಳು, ಒಂದೂ ತಪ್ಪಿಲ್ಲ ಎಂದು ಓದಿದಾಗ ಮೆಚ್ಚಿದರು. ಆಮೇಲೆ ಪ್ರಶ್ನೆಯ ಕಾಲಂ ಓದತೊಡಗಿದೆ. ವಾಪಸ್ ಕರೆದುಕೊಂಡರೇ, ಉತ್ತರ, ಮುಂದೆ. ವಾಪಸ್ ಕರೆದುಕೊಂಡರೇ, ಉತ್ತರ, ಮುಂದೆ. ಹೀಗೆ ಆರು ಸಾಲು. ನಾಲ್ಕನೆಯದಕ್ಕೆ ಓದು ನಿಲ್ಲಿಸಿದೆ. ಸಾಯುತ್ತಿರುವ ಒಬ್ಬರು ಆರು ಸಲ ಕೇಳಿದ್ದರು, ನಾನು ಆರು ಸಲ ಬರೆದುಕೊಂಡಿದ್ದೆ. ಉಳಿದದ್ದನ್ನು ಓದದೆ ಕೂತೆ.

ಶನಿವಾರ ಬೆಳಿಗ್ಗೆ ವಾಪಸಾಗಿ, ಪೆಟ್ಟಿಗೆ ಇಟ್ಟು, ಊಟವನ್ನೂ ಮಾಡದೆ ಸುರುಳಿ ಹಿಡಿದು ಹಟ್ಟಿಗೆ ಹೊರಟೆವು. ಜಗುಲಿ ಖಾಲಿ ಇತ್ತು. ಅಜ್ಜಿ ಒಳಗೆ ಮಲಗಿದ್ದರು. ಗುರುವಾರ ಹೊತ್ತು ಮುಳುಗುವ ತನಕ ಅತ್ತೆ ನಮ್ಮ ದಾರಿ ನೋಡಿದರು ಎಂದು ಸೊಸೆ ಹೇಳಿದರು.

ನಾನು ಎಂಟು, ಒಂಬತ್ತು, ಹತ್ತನ್ನು ಒಟ್ಟಿಗೇ ಮಗುಚಿ ಹನ್ನೊಂದನೆಯದನ್ನು ಹಿಡಿದೆ. ಸಿದ್ಧಮಾಡಿಕೊಂಡ ಪಾಠವನ್ನು ಬಿಟ್ಟೆ. ವಾಪಸ್ ಕರೆದುಕೊಂಡರು ಅಜ್ಜಿ, ಇವರು ಸತ್ತದ್ದರಿಂದ, ಎಂದಷ್ಟೇ ಅಂದೆ. ಅಜ್ಜಿ ಚಿತ್ರವನ್ನು ನೋಡಿದರು.

"ಕರ್ಕಂತಾರೆ ಅಂತ ಅವತ್ತೇ ಗೊತ್ತಾಯ್ತು ಕಣಮ್ಮ," ಎಂದರು, ನಡುನಡುವೆ ಉಸಿರು ತೆಗೆದುಕೊಳ್ಳುತ್ತ. "ಚರ್ಮ ಸುಮ್ನೆ ಬತ್ತದಾ? ಏನೂ ತಪ್ಪು ಮಾಡ್ದೇ ಇರೋದೊಂದು ಸತ್ತೈತೆ, ತಪ್ಪು ಮಾಡ್ದೋರ್ಗೆ ಹೊದ್ಸಾಕೆ. ಬುಟ್ಟೇ ಬುಡೋರಾದ್ರೆ ಹೊದ್ಸಿ ಯಾಕ್ ಕಳಿಸ್ತಾರೆ? ನೀನು ಹೇಳ್ತೀಯಾ ಅಂತ ಕೇಳ್ತಿದ್ದೆ, ಅಷ್ಟೇ." ಮತ್ತೆ ಚಿತ್ರ ನೋಡಿದರು. "ಅದ್ಯಾರು ಅಂತ ಗೊತ್ತಿರ್ಲಿಲ್ಲ. ಇವಯ್ಯನಾ?"

ದೊಡ್ಡಮ್ಮ ಅವರ ಕೈ ಹಿಡಿದುಕೊಂಡು, "ಹೂಂ ಕಣವ್ವ, ಇವಯ್ಯನೇ," ಎಂದರು.

"ಬೋ ನೊಂದವ್ನೆ," ಎಂದರು ಅಜ್ಜಿ.

ಸುರುಳಿಯನ್ನು ಅವರಿಗೆ ಕಾಣುವ ಹಾಗೆ ಗೋಡೆಯ ಗೂಟಕ್ಕೆ ತೂಗುಹಾಕಿ ಬಂದೆವು. ಅದನ್ನು ಎಲ್ಲೂ ಬಿಟ್ಟು ಬರಕೂಡದೆಂಬ ನಿಯಮಕ್ಕೆ ನಾನು ಸಹಿ ಮಾಡಿದ್ದೆ. ಮಂಗಳವಾರ ಅಜ್ಜಿ ತೀರಿಕೊಂಡರು. ಹಟ್ಟಿಯವರು ತಮ್ಮ ಪದ್ಧತಿಯಂತೆ ಮಣ್ಣು ಮಾಡಿದರು. ನಾವು ಒಂದು ಪಕ್ಕದಲ್ಲಿ ನಿಂತಿದ್ದೆವು.

ಹಿಂದಿರುಗುವಾಗ ದೊಡ್ಡಮ್ಮನನ್ನು ಕೇಳಿದೆ: ದೀಕ್ಷಾಸ್ನಾನ ಇಲ್ಲ, ನಾಲ್ಕು ಪಾಠ ಬಾಕಿ, ಅಜ್ಜಿಯನ್ನು ದೇವರು ಸೇರಿಸಿಕೊಂಡಿರುತ್ತಾರೆಯೇ?

"ಭೂಮಿ ಮಾಡೋಕ್ ಮುಂಚೇನೇ ಇಷ್ಟೆಲ್ಲ ಯೋಚ್ನೆ ಮಾಡ್ದೋನು, ನಿನ್ನ ಗುರುವಾರಗಳ್ನೂ ಯೋಚ್ನೆ ಮಾಡಿರ್ತಾನೆ. ನಡಿ ನಡಿ."

ಮನೆಗೆ ಬಂದು ಡೈರಿ ತೆಗೆದೆ. ಎರಡನೆಯ ಗುರುವಾರದಲ್ಲಿ 'ಪಾಠಕ್ಕೆ ಸಂಬಂಧಿಸಿದ್ದಲ್ಲ' ಎಂಬುದನ್ನು ಹೊಡೆದು ಹಾಕಿದೆ. ಹನ್ನೆರಡು ವಾರ ನಡೆದು ಮುಟ್ಟಬೇಕೆಂದು ನಾನು ಹೊರಟಿದ್ದ ಜಾಗ ಆ ಚರ್ಮದಲ್ಲೇ ಇತ್ತು. ಜೀವನವಿಡೀ ಕುರಿ ಸುಲಿಯುವುದನ್ನು ನೋಡಿದವರಿಗೆ ಕಂಡದ್ದು, ಪರೀಕ್ಷೆಯಲ್ಲಿ ಅದನ್ನೇ ಬರೆದು ಪಾಸಾದ ನನಗೆ ಕಂಡಿರಲಿಲ್ಲ.

ಗುರುವಾರ ಸುರುಳಿ ತರಲು ಹೋದಾಗ ಹೆಂಗಸರು ಜಗುಲಿಯ ಮೇಲೆ ಆಗಲೇ ಕೂತಿದ್ದರು. ಮಧ್ಯದ ಮೂರನ್ನು ಬಿಟ್ಟುಬಿಟ್ಟಿರಲ್ಲ, ಅವನ್ನೂ ಹೇಳಿ ಹೋಗಿ ಎಂದು ಸೊಸೆ ತಾವೇ ಸುರುಳಿ ತಂದು ಕಂಬಕ್ಕೆ ತೂಗುಹಾಕಿದರು. ಎಂಟನೆಯದು ಹುಲ್ಲಿನ ಮೇಲೆ ಮಲಗಿದ ಕೂಸನ್ನು ಕುರಿ ಕಾಯುವವರು ನೋಡಲು ಬಂದ ಚಿತ್ರ.

"ಓ, ನಮ್ಮೋರು," ಎಂದರು ಯಾರೋ, ಮತ್ತು ಎಲ್ಲರೂ ಸ್ವಲ್ಪ ಮುಂದೆ ಸರಿದು ಕೂತರು. ಕೇಳಿದವರು ಹನ್ನೊಂದು.