ಸುಳಿ ಗಟ್ಟಿಯಿದೆ

ಮೂವತ್ತೊಂದು ವರ್ಷ ಒಂದೇ ಕಟ್ಟಡದಲ್ಲಿ ಲಿಫ್ಟ್ ನಡೆಸಿದವನನ್ನು ಎಲ್ಲರೂ ಲಿಫ್ಟಣ್ಣ ಎನ್ನುತ್ತಿದ್ದರು. ಎಂಟು ಮಹಡಿ, ಹನ್ನೆರಡು ಆಫೀಸು, ಕೂರಲು ಒಂದು ಸ್ಟೂಲು. ಕೂತಲ್ಲಿಂದಲೇ ಅಷ್ಟೂ ಜನರ ಸುಖದುಃಖ ಕೇಳಿದವನು, ಆದರೆ ಎಲ್ಲವೂ ಅರ್ಧರ್ಧ. ಯಾರದೋ ಮಗಳ ಜ್ವರದ ಮಾತು ಮೂರನೆಯ ಮಹಡಿಯಲ್ಲಿ ಶುರುವಾದರೆ ಆರನೆಯದರಲ್ಲಿ ಬಾಗಿಲು ತೆರೆದುಕೊಳ್ಳುತ್ತಿತ್ತು. ಜ್ವರ ಇಳಿಯಿತೋ ಇಲ್ಲವೋ ದೇವರೇ ಬಲ್ಲ. ಮದುವೆ ಯಾಕೆ ಮಾಡಿಕೊಳ್ಳಲಿಲ್ಲ ಎಂದು ಅವನನ್ನು ಕೇಳಿದವರೂ ಇದ್ದರು. ಅದನ್ನು ಹೇಳಲು ಎಂಟು ಮಹಡಿ ಸಾಲುವುದಿಲ್ಲ ಎಂದು ನಗುತ್ತಿದ್ದ.

ತಾನಾಗಿ ಓಡುವ ಹೊಸ ಲಿಫ್ಟ್ ಬಂದಾಗ ಅವನ ಕೆಲಸ ಮುಗಿಯಿತು. ಮ್ಯಾನೇಜರು ನಾಲ್ಕು ಒಳ್ಳೆಯ ಮಾತಾಡಿ, "ನೆನಪಿಗೆ ಏನಾದ್ರೂ ಬೇಕಾ? ಸಂಕೋಚ ಬೇಡ," ಎಂದರು. ಅವನು ಕೆಳಗಿನ ಲಾಬಿಯಲ್ಲಿ ತಾನು ಸೇರಿದ ದಿನದಿಂದಲೂ ಲಿಫ್ಟಿಗೆ ಎದುರಾಗಿದ್ದ ಪಾಮ್ ಗಿಡದ ಕಡೆ ಕೈ ತೋರಿಸಿದ. ದಿನಕ್ಕೆ ನೂರು ಸಲ ಬಾಗಿಲು ತೆರೆದಾಗಲೂ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಅದೇ. ಲಾಬಿಯನ್ನು ಒಡೆದು ಹೊಸದು ಮಾಡಲು ಹೊರಟವರಿಗೂ ಅದು ತೊಲಗಿದರೆ ಸಾಕಾಗಿತ್ತು. ಹೀಗೆ ಆಳೆತ್ತರದ ಗಿಡ ಕುಂಡದ ಸಮೇತ ಅವನ ಒಂಟಿ ಕೋಣೆಗೆ ಬಂತು. ಆ ಕೋಣೆ ಇದ್ದದ್ದು ಮೂರನೆಯ ಮಹಡಿಯಲ್ಲಿ, ಮತ್ತು ನಮ್ಮ ಲಿಫ್ಟಣ್ಣನ ಅದೃಷ್ಟಕ್ಕೆ ಆ ಕಟ್ಟಡಕ್ಕೆ ಲಿಫ್ಟೇ ಇರಲಿಲ್ಲ.

ಜೀವಮಾನದಲ್ಲಿ ಏನನ್ನೂ ಸಾಕಿ ಗೊತ್ತಿಲ್ಲದವನಿಗೆ ಒಮ್ಮೆಲೇ ಸಾಕುವ ಹುಚ್ಚು ಹತ್ತಿದರೆ ಏನಾಗಬೇಕೋ ಅದೇ ಆಯಿತು. ಪಾಪ, ಇಷ್ಟು ವರ್ಷ ಆಕಾಶವನ್ನೇ ಕಂಡಿಲ್ಲ ಎಂದು ಗಿಡವನ್ನು ಬಾಲ್ಕನಿಯಲ್ಲಿಟ್ಟ. ಬಾಲ್ಕನಿಯೋ ಪಡುವಣಕ್ಕೆ, ಮಧ್ಯಾಹ್ನದ ಮೇಲೆ ಕಾಲಿಡಲಾಗದಂಥ ಬಿಸಿಲು. ಬೆಳಗ್ಗೆ ಒಂದು ಚೊಂಬು ನೀರು, ಸಂಜೆ ಒಂದು ಚೊಂಬು. ಲಿಫ್ಟಿನ ಹಿತ್ತಾಳೆ ಹಿಡಿಯನ್ನು ದಿನಾ ಎಣ್ಣೆಬಟ್ಟೆಯಲ್ಲಿ ಉಜ್ಜಿದ ಕೈ ಸುಮ್ಮನಿರಬೇಕಲ್ಲ! ಅದೇ ಎಣ್ಣೆ, ಅದೇ ಬಟ್ಟೆ ಹಿಡಿದು ಒಂದೊಂದು ಗರಿಯನ್ನೂ ತಿಕ್ಕಿ ಮಿರಮಿರ ಮಿಂಚಿಸಿದ.

ಎರಡು ವಾರಕ್ಕೆ ಗರಿಗಳ ಮೇಲೆ ಬಿಳಿಚಿದ ಮಚ್ಚೆಗಳೆದ್ದವು, ಆಮೇಲೆ ಅವು ಕಂದು ಬಣ್ಣಕ್ಕೆ ತಿರುಗಿದವು. ತುದಿಗಳು ಒಣಗಿದವು. ಅವನು ಕತ್ತರಿ ತಂದು ಒಣಗಿದ ತುದಿಯ ಜೊತೆಗೆ ಎರಡು ಬೆರಳು ಹಸಿರನ್ನೂ ಸೇರಿಸಿ ಕತ್ತರಿಸಿದ. ಕತ್ತರಿಸಿದಲ್ಲಿಂದ ಮತ್ತೆ ಒಣಗಿತು. ಕೆಳಗಿನ ಗರಿಗಳು ಹಳದಿಯಾದವು. ನೀರು ಸಾಲದೇನೋ ಎಂದು ಮಧ್ಯಾಹ್ನಕ್ಕೂ ಒಂದು ಚೊಂಬು ಸೇರಿಸಿದ.

ಭಾನುವಾರ ಅಕ್ಕ ಫೋನ್ ಮಾಡಿದಾಗ ಬೇರೆ ಮಾತೇ ಇಲ್ಲ, ಬರೀ ಗಿಡದ್ದೇ ಪುರಾಣ.

"ಒಂದು ಗಿಡಕ್ಕೆ ಯಾಕೋ ಇಷ್ಟೊಂದು ತಲೆ ಕೆಡಿಸ್ಕೋತೀಯ? ಹೋದ್ರೆ ಇನ್ನೊಂದು ತಂದ್ರಾಯ್ತು," ಎಂದಳು ಅಕ್ಕ.

"ಇನ್ನೊಂದು ನನ್ನ ನೋಡಿಲ್ವಲ್ಲಕ್ಕ."

ಅವನಿಗೇ ನಾಚಿಕೆಯಾಗಿ ಫೋನಿಟ್ಟ. ಆದರೆ ಹೇಳಿದ್ದು ನಿಜ. ಅವನ ಮೂವತ್ತೊಂದು ವರ್ಷವನ್ನು ಪೂರ್ತಿ ಕಂಡದ್ದು ಆ ಗಿಡವೊಂದೇ. ಅದೂ ಹೋದರೆ ಇವನು ಅಲ್ಲಿದ್ದ ಎನ್ನಲು ಯಾರೂ ಉಳಿಯುವುದಿಲ್ಲ ಎಂಬ ಭಯ ಅವನನ್ನು ತಿನ್ನುತ್ತಿತ್ತು.

ಮರುದಿನ ಒಂದು ಹಳದಿ ಗರಿಯನ್ನು ಕಾಗದದಲ್ಲಿ ಸುತ್ತಿಕೊಂಡು ನರ್ಸರಿಗೆ ಹೋದ. ನರ್ಸರಿಯಮ್ಮ ಮೂಸಿ ನೋಡಿ ಮೂಗು ಮುರಿದಳು. ಸಂಜೆ ತಾನೇ ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತ ಬಂದಳು.

"ಇದೇನ್ರೀ, ಎಲೆಗೆ ಎಣ್ಣೆ?"

"ಹೊಳಪಿಗೆ ಅಂತ..."

"ಎಲೆ ಉಸಿರಾಡೋದು ಬೇಡ್ವಾ? ಎಣ್ಣೆ ಹಚ್ಚಿ ಈ ಬಿಸಿಲಲ್ಲಿಟ್ರೆ ಬಾಣಲೆಗೆ ಹಾಕಿದ ಹಾಗೇ." ಅವಳು ಮಣ್ಣಿಗೆ ಬೆರಳು ಚುಚ್ಚಿ ಮೂಸಿದಳು. "ಥೂ, ಕೊಚ್ಚೆ ವಾಸನೆ. ಮುಳುಗಿಸಿ ಮುಳುಗಿಸಿ ಬೇರು ಕೊಳೆಸಿದ್ದೀರಿ."

ಅವನು ಅಪರಾಧಿಯಂತೆ ತಲೆ ತಗ್ಗಿಸಿ ನಿಂತ. ನರ್ಸರಿಯಮ್ಮ ಗಿಡದ ನಡುವಿನ ಸುಳಿಯನ್ನು, ಇನ್ನೂ ಬಿಚ್ಚಿಕೊಳ್ಳದ ಎಳೆಯ ಗರಿಯನ್ನು, ತೋರಿಸಿದಳು.

"ಮೆಲ್ಲಗೆ ಮೇಲಕ್ಕೆ ಎಳೀರಿ. ಕೈಗೆ ಬಂದ್ರೆ ಒಳಗೂ ಕೊಳೆತಿದೆ, ಇನ್ನು ಆಸೆ ಬಿಡಿ."

"ನೀವೇ ಎಳೀರಮ್ಮ."

"ನಿಮ್ಮ ಗಿಡ. ನೀವೇ ನೋಡಿ."

ಅವನು ಸುಳಿ ಹಿಡಿದು ಉಸಿರು ಬಿಗಿಹಿಡಿದು ಎಳೆದ. ಬರಲಿಲ್ಲ. ಇನ್ನೊಮ್ಮೆ ಎಳೆದ.

"ಸಾಕು ಬಿಡಿ, ಕಿತ್ತೇ ಹಾಕ್ಬಿಟ್ಟೀರಿ! ಸುಳಿ ಗಟ್ಟಿಯಿದೆ."

ಅವನ ಕಣ್ಣು ತುಂಬಿ ಬಂತು. ಧೂಳು ಬಿತ್ತೆಂದು ಮುಖ ತಿರುಗಿಸಿದ.

ಇಬ್ಬರೂ ಸೇರಿ ಗಿಡವನ್ನು ಕುಂಡದಿಂದ ಹೊರಗೆಳೆದರು. ಕಪ್ಪಾಗಿ ಮೆತ್ತಗಾದ ಬೇರುಗಳನ್ನು ಕತ್ತರಿಸಿ, ಬಿಳಿಯವನ್ನು ಉಳಿಸಿ, ದಪ್ಪ ಮರಳು ಬೆರೆಸಿದ ಹೊಸ ಮಣ್ಣಿನಲ್ಲಿ ನೆಟ್ಟರು. ಸಾಬೂನು ನೀರಿನಲ್ಲಿ ಒಂದೊಂದು ಗರಿಯ ಎಣ್ಣೆಯನ್ನೂ ತೊಳೆದರು. ನರ್ಸರಿಯಮ್ಮ ಪಾಠ ಹೇಳಿದಳು: ಹಳದಿ ಗರಿಯನ್ನು ಪೂರ್ತಿ ಒಣಗುವ ತನಕ ಮುಟ್ಟಬಾರದು, ಗಿಡ ಅದರಿಂದಲೂ ಸಾರ ಹೀರಿಕೊಳ್ಳುತ್ತದೆ. ತುದಿ ಕತ್ತರಿಸಿದರೂ ಹಸಿರಿಗೆ ಕತ್ತರಿ ತಾಗಬಾರದು. ಬೆರಳು ಅರ್ಧದವರೆಗೆ ಚುಚ್ಚಿ, ಒಣಗಿದ್ದರೆ ಮಾತ್ರ ನೀರು. ಎಲ್ಲಕ್ಕೂ ಅವನು ಹೂಂಗುಟ್ಟಿದ.

"ಆದ್ರೆ ಇಡೋದೆಲ್ಲಿ?" ನರ್ಸರಿಯಮ್ಮ ಕೋಣೆಯನ್ನೆಲ್ಲ ನೋಡಿದಳು. ಬಾಲ್ಕನಿ ಬಿಟ್ಟರೆ ಕಿಟಕಿಯಿಲ್ಲ, ಒಳಗೆ ಹಗಲಲ್ಲೂ ದೀಪ ಬೇಕು. ಮೆಟ್ಟಿಲಿಳಿಯುತ್ತ ಅವಳು ಎರಡನೆಯ ಮತ್ತು ಮೂರನೆಯ ಮಹಡಿಯ ನಡುವಿನ ತಿರುವಿನಲ್ಲಿ ನಿಂತಳು. ದೊಡ್ಡ ಕಿಟಕಿ, ಬಿಸಿಲು ಬೀಳದ ತಂಪು ಬೆಳಕು. "ಇಲ್ಲಿಡಿ. ಅದು ಹುಟ್ಟಿ ಬೆಳೆದದ್ದೇ ಇಂಥ ಬೆಳಕಲ್ಲಿ."

"ಇದು ಎಲ್ಲರೂ ಓಡಾಡೋ ಜಾಗ. ಮನೆ ಒಳಗೇ ಎಲ್ಲಾದ್ರೂ..."

"ಗಿಡ ಬದುಕಬೇಕಾ, ನಿಮ್ಮ ಜೊತೆ ಇರಬೇಕಾ? ಎರಡರಲ್ಲೊಂದು ಹೇಳಿ," ಎಂದು ಅವಳು ಇಳಿದುಹೋದಳು.

ಮನುಷ್ಯ ಅಷ್ಟು ಸುಲಭಕ್ಕೆ ಒಪ್ಪುತ್ತಾನೆಯೇ? ಮೂರು ವಾರ ಅದನ್ನು ಮಂಚದ ಪಕ್ಕದಲ್ಲೇ ಇಟ್ಟುಕೊಂಡ. ನೀರಿನಲ್ಲಿ ತಪ್ಪು ಮಾಡಲಿಲ್ಲ, ಎಣ್ಣೆಯ ಬಟ್ಟೆಯನ್ನು ಎಸೆದ. ಆದರೂ ಇನ್ನೊಂದು ಗರಿ ಬಾಡಿತು, ಸುಳಿ ಒಂದು ಕೂದಲೆಳೆಯಷ್ಟೂ ಮೇಲೇಳಲಿಲ್ಲ. ಒಂದು ಬೆಳಗ್ಗೆ ಕುಂಡವನ್ನು ತಬ್ಬಿಕೊಂಡು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ಕಿಟಕಿಯ ಕೆಳಗಿಟ್ಟು ಬಂದ. ಕೋಣೆಯ ನೆಲದಲ್ಲಿ ಕುಂಡದ ಗುಂಡನೆಯ ಗುರುತು ಉಳಿದಿತ್ತು. ಅದನ್ನು ಒರೆಸಲು ಅವನಿಗೆ ಮನಸ್ಸಾಗಲಿಲ್ಲ, ಸಂಕಟವಾಗಿ ಅಂದು ಊಟವನ್ನೂ ಮಾಡಲಿಲ್ಲ.

ಎರಡು ತಿಂಗಳಿಗೆ ಸುಳಿ ಮೇಲೆದ್ದು ಬಿಚ್ಚಿಕೊಂಡಿತು. ಒಂದು ಮಚ್ಚೆಯೂ ಇಲ್ಲದ ಎಳೆಹಸಿರು ಗರಿ. ಶನಿವಾರ ಅವನು ಒದ್ದೆ ಬಟ್ಟೆಯಲ್ಲಿ ಗರಿಗಳ ಧೂಳು ಒರೆಸುತ್ತಿದ್ದಾಗ ನಾಲ್ಕನೆಯ ಮಹಡಿಯ ಹೆಂಗಸು ಚೀಲ ಕೆಳಗಿಟ್ಟು ನಿಂತಳು. ಒಂಬತ್ತು ವರ್ಷದಿಂದ ಇಬ್ಬರೂ ಹತ್ತುತ್ತಿದ್ದದ್ದು ಇದೇ ಮೆಟ್ಟಿಲು.

"ಎಷ್ಟು ಚೆನ್ನಾಗಿ ಬಂದಿದೆ! ನೀವು ನರ್ಸರಿಯವರಾ? ವಾರ ವಾರ ಬರ್ತೀರಾ?"

ಅವನು ಬಾಯಿ ತೆರೆದ. ಅವಳು ಆಗಲೇ ಚೀಲ ಎತ್ತಿಕೊಂಡು ಒಂದು ಕಾಲು ಮುಂದಿನ ಮೆಟ್ಟಿಲ ಮೇಲಿಟ್ಟಿದ್ದಳು.

"ಹೂಂ ಅಮ್ಮ. ಶನಿವಾರ ಶನಿವಾರ ಬರ್ತೀನಿ."

"ತಪ್ಪಿಸ್ಬೇಡಿ ಮತ್ತೆ," ಎಂದು ನಕ್ಕು ಅವಳು ಹತ್ತಿಹೋದಳು.

ಗರಿಗಳೆಲ್ಲ ಒರೆಸಿ ಆಗಿತ್ತು. ಆದರೂ ಮೇಲೆ ಅವಳ ಬಾಗಿಲು ಮುಚ್ಚಿದ ಸದ್ದು ಕೇಳುವವರೆಗೆ ಅವನು ಅಲ್ಲೇ ನಿಂತಿದ್ದ. ನರ್ಸರಿಯವನು ಮೆಟ್ಟಿಲು ಹತ್ತಿ ಮೇಲೆ ಹೋಗುವುದು ಅವಳಿಗೆ ಕಾಣಬಾರದಲ್ಲ.